ಬರಿಗಾಲ ರಾಕ್ಷಸನ ಬೂಟಿನ ಸದ್ದು

ಮಾರ್ಚ್ ೧೦, ಸೋಮವಾರ. ಸಂಜೆ

ಲಿಫ್ಟ್ ಮತ್ತೆ ಕೆಟ್ಟಿದೆ. ಬಾಗಿಲಿಗೆ ಅಂಟಿಸಿದ ಚೀಟಿಯೂ ಹಳೆಯದೇ. ತಾರೀಖು ಮಾತ್ರ ಹೊಡೆದುಹಾಕಿ ಹೊಸದು ಬರೆದಿದ್ದಾರೆ. ಮರಾಠಿ ಸೀಮೆಯ ಈ ವಾಕಡದಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವಾಗಲೇ ಅಣ್ಣನಿಗೆ ಹೇಳಿದ್ದೆ, ಕೆಳಗಿನದ್ದು ನೋಡು ಅಂತ. "ಮೂರನೇ ಮಾಳಿಗೆಗೆ ಗಾಳಿ ಚೆನ್ನಾಗುಂಟು ಮಾರಾಯ್ತಿ, ಲಿಫ್ಟ್ ಉಂಟಲ್ಲ" ಅಂದಿದ್ದ ಭುಜಂಗಣ್ಣ. ಗಾಳಿ ಚೆನ್ನಾಗಿರುವುದು ನಿಜ. ಬೆಳಗಿನಿಂದ ರಾತ್ರಿಯವರೆಗೆ ಭೋಸರಿಯ ಹೋಟೆಲಿನಲ್ಲಿ ಬೇಯುವವನಿಗೆ ಅದು ಸಿಗುವುದಿಲ್ಲ ಅಷ್ಟೆ.

ದೇಹೂ ರೋಡಿನ ಆಫೀಸು, ಅಲ್ಲಿಂದ ಟ್ರಾಫಿಕ್ಕು, ದಾರಿಯಲ್ಲಿ ಕೊತ್ತಂಬರಿ, ಮೆಂತ್ಯೆ. ಸ್ಕೂಟರ್ ನಿಲ್ಲಿಸಿ — ಹಿಂದೆ ಎರಡು ಚಕ್ರ ಹೆಚ್ಚಿಗೆ ಇರುವ ಸ್ಕೂಟರ್, ಪಾರ್ಕಿಂಗಿನಲ್ಲಿ ಅದಕ್ಕೂ ಜಗಳ — ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮೆಟ್ಟಿಲ ಕಂಬಿ. ಬಲಗಾಲು ಟಪ್. ಕಬ್ಬಿಣದ ಸರಳುಗಳ ಕ್ಯಾಲಿಪರ್ ಕಟ್ಟಿದ ಎಡಗಾಲಿನ ಬೂಟು ಸರ್ರ್. ಟಪ್, ಸರ್ರ್. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಹೋಯಿತು. ಅಲ್ಲಿಂದ ಇದೇ ನನ್ನ ನಡಿಗೆ. ನನಗೀಗ ಅದರ ಸದ್ದು ಕೇಳಿಸುವುದೂ ಇಲ್ಲ.

ಅಕ್ಕುವಿಗೆ ಕೇಳಿಸುತ್ತದೆ. ಅಣ್ಣನ ಮಗಳು, ಆರು ವರ್ಷ. ನಾನು ಎರಡನೇ ಮಾಳಿಗೆಯ ತಿರುವಿಗೆ ಬರುವಷ್ಟರಲ್ಲಿ ಮೇಲೆ ಚಿಲಕ ತೆಗೆದ ಸದ್ದು. ಹೊಸ್ತಿಲಲ್ಲಿ ಕುಣಿತ. "ಅತ್ತೆ ಬಂದಾಯ್ತು! ಅತ್ತೆ ಬಂದಾಯ್ತು!"

ಅತ್ತಿಗೆ ಭವ್ಯಶ್ರೀ ಒಳಗಿನಿಂದ, "ಟಿವಿ ಹಾಕಿ ಕೂರಿಸಿದ್ರೂ ಇದರ ಕಿವಿ ಮೆಟ್ಟಿಲ ಮೇಲೆಯೇ."

ನಮ್ಮ ಬಾಗಿಲಿಗೆ ಬೆಲ್ ಇದೆ ಅನ್ನುವುದೇ ನನಗೆ ಮರೆತುಹೋಗಿದೆ. ಕಾಲು ನೋಯುತ್ತಿದೆ. ಸೊಸೈಟಿಯ ಸೆಕ್ರೆಟರಿಗೆ ಇನ್ನೊಂದು ಸಲ ಫೋನ್ ಮಾಡಬೇಕು, ಸರಿಯಾಗಿ ಬೈಯಬೇಕು.


ಮಾರ್ಚ್ ೧೬, ಭಾನುವಾರ

ಊಟಕ್ಕೆ ಅಕ್ಷಯ ಬಂದಿದ್ದ. ಚಿಕ್ಕಪ್ಪನ ಮಗ. ಸೀರಿಯಲ್, ವೆಬ್ ಸೀರೀಸ್‌ಗೆಲ್ಲ ಸೌಂಡ್ ಮಾಡುವ ಸ್ಟುಡಿಯೊದಲ್ಲಿ ಕೆಲಸ. ತಟ್ಟೆ ಬಡಿದು ಗುಡುಗು ಮಾಡುವುದು, ಎಲೆಕೋಸು ಮುರಿದು ಮೂಳೆ ಮುರಿದ ಸದ್ದು ಮಾಡುವುದು. ಇದಕ್ಕೂ ಸಂಬಳ ಕೊಡುತ್ತಾರೆ.

ಹೊಸ ರೆಕಾರ್ಡರ್ ತಂದಿದ್ದ. "ಅಕ್ಕ, ಒಂದ್ಸಲ ಮೆಟ್ಟಿಲು ಹತ್ತಿ ಇಳಿ. ಮೈಕ್ ಟೆಸ್ಟ್ ಮಾಡ್ಬೇಕು." ಮೀನು ಸಾರು ಉಂಡು ಮಲಗುವ ಹೊತ್ತು. ಆದರೂ ಹತ್ತಿ ಇಳಿದೆ. ಇನ್ನೊಮ್ಮೆ ಅಂದ. ಮತ್ತೂ ಒಮ್ಮೆ ಅಂದ. ಕುರ್ಚಿಯಿಂದ ಏಳು ಅಂದ. ಕೂರುವಾಗ ಕ್ಯಾಲಿಪರಿನ ಲಾಕ್ ಮೇಲೆತ್ತಿ ಮೊಣಕಾಲು ಮಡಚುತ್ತೇನೆ. ಎದ್ದು ನೆಟ್ಟಗೆ ನಿಂತಾಗ ಅದು ತಾನೇ ಕೆಳಗೆ ಬಿದ್ದು ಬಿಗಿಯುತ್ತದೆ — ಕಟಕ್. ಅಕ್ಷಯನ ಕಣ್ಣು ಅರಳಿತು. ಮೈಕನ್ನು ನನ್ನ ಮೊಣಕಾಲಿಗೆ ಹಿಡಿದು, "ಇದು ಎಂಥ ಸೌಂಡ್ ಅಕ್ಕ! ಇನ್ನೊಮ್ಮೆ ಏಳು, ಇನ್ನೊಮ್ಮೆ" ಅಂತ ಪೀಡಿಸಿದ.

ಹುಚ್ಚ. ಸಾರು ಇನ್ನಷ್ಟು ಬಡಿಸಿ ಕಳಿಸಿದೆ.


ಜುಲೈ ೨೦, ಭಾನುವಾರ

ಬಹಳ ದಿನವಾಯಿತು ಬರೆಯದೆ. ಬರೆಯುವಂಥದ್ದೇನೂ ಆಗಲಿಲ್ಲ. ಲಿಫ್ಟ್ ಎರಡು ಸಲ ಸರಿಹೋಗಿ ಮೂರು ಸಲ ಕೆಟ್ಟಿತು.

ಈಗ ಬಿಲ್ಡಿಂಗ್ ತುಂಬ ಒಂದೇ ಮಾತು. ಘಸೀಟಾ. ಶುಕ್ರವಾರ ಶುರುವಾದ ಹೊಸ ವೆಬ್ ಸೀರೀಸ್. ಕಾಲು ಎಳೆದುಕೊಂಡು ಬರುವ ರಾಕ್ಷಸ, ಹಿಂದಿಯಲ್ಲಿ ಘಸೀಟ್ ಅಂದರೆ ಎಳೆತ, ಅದಕ್ಕೇ ಆ ಹೆಸರು. ಊರಿನವರು ಯಾವ ಕಾಲದಲ್ಲೋ ಅವನ ಕಾಲು ಮುರಿದರಂತೆ, ಆ ಸಿಟ್ಟಿಗೆ ಮೆಟ್ಟಿಲು ಹತ್ತಿ ಬಂದು ಮಕ್ಕಳನ್ನು ಒಯ್ಯುತ್ತಾನಂತೆ. ಎದುರು ಮನೆಯ ಅನುಸೂಯಾ ಕತೆಯೆಲ್ಲ ಹೇಳಿದಳು. ಕಲಬುರಗಿ ಕಡೆಯವಳು. ಒಳ್ಳೆಯವಳೇ. ಬಾಯಿಗೆ ಮಾತ್ರ ಬಾಗಿಲಿಲ್ಲ.

"ಭಾಳ ಛಲೋ ಅದರಿ ಅಕ್ಕಾರ. ನಮ್ಮ ಹುಡುಗೂರು ಈಗ ಅನ್ನ ಬಿಡಂಗಿಲ್ಲ. ಉಣ್ಣದಿದ್ರ ಘಸೀಟಾ ಬರ್ತಾನ ಅಂದ್ರ ಸಾಕು, ತಾಟು ಖಾಲಿ!"

ರಾಕ್ಷಸ ಅಂದರೆ ಇವರಿಗೆ ಒಂದೇ ಪಾಠ ಬರುತ್ತದೆ. ಒಂದು ಕಣ್ಣು ಕಿತ್ತುಹಾಕು. ಇಲ್ಲ ಬೆನ್ನಿಗೆ ಗೂನು ಇಡು. ಮುಖ ಸುಡು. ಏನೂ ತೋಚದಿದ್ದರೆ ಕಾಲು ಎಳೆಸು. ನೋಡುವವರಿಗೆ ಕೂಡಲೇ ತಿಳಿಯುತ್ತದಲ್ಲ, ಕೆಟ್ಟವನು ಯಾರು ಅಂತ! ಹೀರೊನ ಕಾಲು ಮುರಿದರೆ ಕೊನೆಯ ಸೀನಿಗೆ ಸರಿಹೋಗಿ ಕುಣಿಯುತ್ತಾನೆ. ನಮ್ಮ ಆಫೀಸಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಜನರ ಪೆನ್ಶನ್ ಫೈಲ್ ತಡೆಹಿಡಿದು ಕೂರುವವನ ಎರಡು ಕಾಲೂ ಗಟ್ಟಿಯಾಗಿವೆ. ಅವನ ಮೇಲೆ ಯಾರೂ ಸೀರೀಸ್ ಮಾಡುವುದಿಲ್ಲ.

ಅತ್ತಿಗೆಗೆ ಹೇಳಿದೆ, ಅಕ್ಕುವಿಗೆ ಅದನ್ನು ತೋರಿಸಬೇಡ. "ನಮ್ಮಲ್ಲಿ ಹಾಕಿಯೇ ಇಲ್ಲ" ಅಂದಳು. ನಿಜ. ಆದರೆ ಎದುರು ಮನೆಯ ಬಾಗಿಲು ದಿನವಿಡೀ ತೆರೆದೇ ಇರುತ್ತದೆ.


ಜುಲೈ ೨೪, ಗುರುವಾರ

ಮೆಟ್ಟಿಲ ಮೇಲೆ ಆಡುತ್ತಿದ್ದ ಹುಡುಗರು ನಾನು ಬರುತ್ತಲೇ ಓಡಿದರು. ಕೂಗಿಕೊಂಡು. ಚೆಂಡು ಯಾರ ಕಿಟಕಿಗೋ ಹೊಡೆದಿರಬೇಕು ಅಂದುಕೊಂಡೆ.


ಜುಲೈ ೨೮, ಸೋಮವಾರ

ಇವತ್ತು ಬೆಲ್ ಒತ್ತಬೇಕಾಯಿತು.

ಎರಡನೇ ಮಾಳಿಗೆಯ ತಿರುವಿನಲ್ಲಿ ಚಿಲಕದ ಸದ್ದಿಲ್ಲ. ಮಲಗಿದ್ದಾಳೇನೋ ಅಂದುಕೊಂಡೆ. ಬಾಗಿಲ ಮುಂದೆ ನಿಂತು ಕಾದೆ. ಒಳಗೆ ಏನೋ ಓಡಿದ ಸದ್ದು. ಬೆಲ್ ಒತ್ತಿದೆ. ಅತ್ತಿಗೆ ಬಂದು ತೆಗೆದಳು, ಮುಖ ಸಣ್ಣದು ಮಾಡಿಕೊಂಡು.

ಅಕ್ಕು ಊಟದ ಮೇಜಿನ ಕೆಳಗೆ. ಎರಡೂ ಕೈ ಕಿವಿಯ ಮೇಲೆ.

"ಏಳಮ್ಮ, ಅತ್ತೆ ಬಂದದ್ದು" ಅಂತ ಅತ್ತಿಗೆ ಎಳೆಯಲು ನೋಡಿದಳು. ಬರಲಿಲ್ಲ. ನಾನು ಹತ್ತಿರ ಹೋದ ಹಾಗೆ ಹಿಂದೆ ಹಿಂದೆ ಸರಿದಳು. ಕೊನೆಗೆ ಬೂಟು ಬಿಚ್ಚಿ, ನೆಲದ ಮೇಲೆ ಕೂತು, ತೆವಳಿಕೊಂಡೇ ಮೇಜಿನ ಪಕ್ಕ ಹೋದೆ. ಆಗ ಕಣ್ಣು ಬಿಟ್ಟಳು. ತುಂಬ ಹೊತ್ತು ನನ್ನ ಮುಖ ನೋಡಿದಳು. ನಾನೇ ಹೌದೋ ಅಲ್ಲವೋ ಅಂತ.

"ಅತ್ತೆ, ರಾತ್ರಿ ನೀನು ಎಂತ ಆಗ್ತಿ?"

ಏನೂ ಆಗುವುದಿಲ್ಲ ಪುಟ್ಟ, ಗೊರಕೆ ಹೊಡೆಯುತ್ತೇನೆ ಅಂದೆ. ನಗಲಿಲ್ಲ.

ಜನ ನೋಡಿದ್ದಾರೆ, ಕುಂಟಿ ಅಂದಿದ್ದಾರೆ, ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಎದ್ದು ಹೋಗಿದ್ದಾರೆ. ಅದನ್ನೆಲ್ಲ ಎಂದೋ ಗುಡಿಸಿ ಹಾಕಿದ್ದೇನೆ. ಇದನ್ನು ಗುಡಿಸಿ ಹಾಕಲು ಆಗುವುದಿಲ್ಲ. ಆ ಮಗು ನನಗೆ ಹೆದರಬಾರದು. ಬೇರೆ ಏನು ಬೇಕಾದರೂ ಆಗಲಿ.


ಜುಲೈ ೩೦, ಬುಧವಾರ. ಮಧ್ಯಾಹ್ನ

ರಜೆ ಹಾಕಿದೆ. ಅಕ್ಕು ಶಾಲೆಗೆ ಹೋದ ಮೇಲೆ ಫೋನಿನಲ್ಲಿ ಆ ದರಿದ್ರ ಘಸೀಟಾ ಹಾಕಿ ಕೂತೆ. ಮಗು ಹೆದರಿದ್ದು ಯಾವುದಕ್ಕೆ ಅಂತ ತಿಳಿಯಬೇಕಿತ್ತು.

ಮೊದಲ ಎಪಿಸೋಡ್. ಕತ್ತಲೆ ವಾಡೆ, ಹಳೆಯ ಕಾಲದ ದೊಡ್ಡ ಮನೆ. ಹುಡುಗಿಯೊಬ್ಬಳು ಮಂಚದ ಕೆಳಗೆ. ರಾಕ್ಷಸ ಕಾಣುವುದಿಲ್ಲ, ಸದ್ದು ಮಾತ್ರ.

ಕಟಕ್.

ಟಪ್... ಸರ್ರ್... ಟಪ್... ಸರ್ರ್...

ಹಿಂದಕ್ಕೆ ಹಾಕಿ ಕೇಳಿದೆ. ಇಯರ್‌ಫೋನ್ ಹಾಕಿ ಕೇಳಿದೆ. ಸರ್ರ್ ಆದ ಮೇಲೆ ಸಣ್ಣ ಕಿರ್ರ್ ಇದೆ. ಬೂಟಿನ ಹತ್ತಿರದ ಕೀಲು. ಮಾರ್ಚ್‌ನಲ್ಲಿ ಎಣ್ಣೆ ಹಾಕದೆ ಅದು ಕಿರುಗುಟ್ಟುತ್ತಿತ್ತು. ನಮ್ಮ ಮೆಟ್ಟಿಲ ಕಂಬಿಗೆ ನನ್ನ ಬಳೆ ತಾಗಿದ್ದೂ ಕೇಳಿಸುತ್ತದೆ. ರಾಕ್ಷಸನ ಕೈಯಲ್ಲಿ ಬಳೆ!

ಆಮೇಲೆ ಅವನನ್ನು ತೋರಿಸಿದರು. ಜಡೆಕಟ್ಟಿದ ಕೂದಲು, ಹಲ್ಲು, ತಿರುಚಿದ ಕಾಲು. ಬರಿಗಾಲು. ಮಣ್ಣಿನ ನೆಲದ ಮೇಲೆ ಬರಿಗಾಲಲ್ಲಿ ನಡೆಯುತ್ತಾನೆ, ಸದ್ದು ಮಾತ್ರ ಟೈಲ್ಸ್ ಮೇಲಿನ ಬೂಟಿನದು. ಇಷ್ಟು ಜನ ನೋಡಿದರಲ್ಲ, ಬರಿಗಾಲಿಗೆ ಕಬ್ಬಿಣದ ಸದ್ದು ಎಲ್ಲಿಂದ ಬಂತು ಅಂತ ಒಬ್ಬನಾದರೂ ಕೇಳಿದನೇ? ಕುಂಟ ಅಂದ ಮೇಲೆ ಮುಗಿಯಿತು. ಮಿಕ್ಕಿದ್ದು ಯಾರು ನೋಡುತ್ತಾರೆ.

ಅಕ್ಷಯನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕಟ್ ಮಾಡಿ, "ಇನ್ ಸ್ಟುಡಿಯೊ ಅಕ್ಕ" ಅಂತ ಮೆಸೇಜ್. ಕೊನೆಯಲ್ಲಿ ಒಂದು ನಗುಮುಖ.


ಆಗಸ್ಟ್ ೩, ಭಾನುವಾರ

ಬಂದ. ಸ್ವೀಟ್ ಡಬ್ಬ ಹಿಡಿದುಕೊಂಡು. ಸೀರೀಸ್ ಹಿಟ್ ಆಯಿತಲ್ಲ, ಅದಕ್ಕೆ.

ಡಬ್ಬ ತೆರೆಯುವ ಮೊದಲೇ ಕೇಳಿದೆ. ಅದು ನನ್ನ ಕಾಲಿನ ಸದ್ದಲ್ಲವಾ?

ಇಲ್ಲ ಅನ್ನುತ್ತಾನೆ ಅಂದುಕೊಂಡಿದ್ದೆ. ಬೆಪ್ಪ, ಖುಷಿಯಾದ! "ನಿಂಗೆ ಗೊತ್ತಾಯ್ತಾ ಅಕ್ಕ? ಗೊತ್ತುಂಟಾ, ನಾವು ಎಷ್ಟು ಟ್ರೈ ಮಾಡಿದ್ದೆವು! ಸರಪಳಿ ಎಳೆದೆವು, ಮೂಟೆ ಎಳೆದೆವು, ಡೈರೆಕ್ಟರಿಗೆ ಯಾವುದೂ ಹಿಡಿಸ್ಲಿಲ್ಲ. ನಿನ್ನದು ಕೇಳಿಸಿದ ಕೂಡ್ಲೇ ಅವರ ಕೈಮೇಲೆ ರೋಮ ಎದ್ದು ನಿಂತಿತ್ತು. ಬೆಸ್ಟ್ ಸೌಂಡ್ ಅಂತ ಎಲ್ರೂ ಹೊಗಳುವುದು."

"ಮೈಕ್ ಟೆಸ್ಟ್ ಅಂದಿದ್ದೆ ನೀನು."

"ಮೊದಲು ಟೆಸ್ಟೇ. ಆಮೇಲೆ ಚೆನ್ನಾಗಿ ಬಂತಲ್ಲ..."

"ತೆಗೆಸು ಅದನ್ನು."

"ಹೇಗೆ ತೆಗೆಯುವುದು ಅಕ್ಕ? ಎಲ್ಲ ಹೊರಗೆ ಹೋಗಿ ಆಗಿದೆ. ಮತ್ತೆ ಅದು ನೀನು ಅಂತ ಯಾರಿಗೆ ಗೊತ್ತು? ಸೌಂಡ್ ಮಾತ್ರ ಅಲ್ವಾ."

ಅಕ್ಕುವಿಗೆ ಗೊತ್ತು ಅಂದೆ. ಅಳು ಬಂದರೆ ಸಿಟ್ಟೆಲ್ಲ ಹಾಳಾಗುತ್ತದೆ, ಅದಕ್ಕೇ ತಡೆದುಕೊಂಡೆ.

ಅಣ್ಣ ತಟ್ಟೆಯಿಂದ ತಲೆ ಎತ್ತದೆ, "ಹೋಗ್ಲಿ ಬಿಡು ಹರಿಣಿ. ಸಿನೆಮಾದವರ ಕತೆ. ನಮ್ಮ ಯಕ್ಷಗಾನದ ಆಟದಲ್ಲಿಯೂ ಶಕುನಿ ಕುಂಟುವುದಿಲ್ವಾ, ಮಂಥರೆಗೆ ಗೂನು ಇಲ್ವಾ? ಮೊದಲಿಂದಲೂ ಉಂಟು. ಮಗು ನಾಲ್ಕು ದಿನದಲ್ಲಿ ಮರೀತದೆ."

ಮೊದಲಿಂದಲೂ ಉಂಟು! ಅದನ್ನೇ ನಾನೂ ಹೇಳುತ್ತಿರುವುದು. ಅಣ್ಣನ ಮೇಲೆ ಸಿಟ್ಟು ಮಾಡುವುದಕ್ಕೂ ಆಗುವುದಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ರಾತ್ರಿಯ ಆಟಗಳಿಗೆ ಕರೆದೊಯ್ದವನು ಅವನೇ. ಅವನ ಹೆಗಲ ಮೇಲೆ ಕೂತು, ಕುಂಟುವ ಶಕುನಿಯನ್ನು ನೋಡಿ ನಾನೂ ಬೆಚ್ಚಿದ್ದೆ.

ಅಕ್ಷಯ ಸ್ವೀಟ್ ಬಿಟ್ಟು ಹೋದ. ಯಾರೂ ಮುಟ್ಟಲಿಲ್ಲ. ಸಂಜೆ ಅಣ್ಣ ತಿಂದ.


ಆಗಸ್ಟ್ ೧೨, ಮಂಗಳವಾರ

ಮೊಣಕೈ ತರಚಿಹೋಗಿದೆ. ಬರೆಯುವುದು ಕಷ್ಟ.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕೀಲಿಗೆಲ್ಲ ಎಣ್ಣೆ ಬಿಟ್ಟು, ಬೂಟಿನ ಅಡಿಗೆ ಹಳೆಯ ಟವೆಲ್ ತುಂಡು ಕಟ್ಟಿಕೊಂಡು ಮೆಟ್ಟಿಲು ಹತ್ತಿದೆ. ಸದ್ದಾಗಬಾರದು ಅಂತ. ನನ್ನ ಮನೆಗೆ ನಾನು ಕಳ್ಳಿಯ ಹಾಗೆ ಹೋಗುವುದು. ಮೊದಲ ದಿನ, ನಿನ್ನೆ, ಮೂರನೇ ಮಾಳಿಗೆಯವರೆಗೂ ಚೂರೂ ಸದ್ದಿಲ್ಲದೆ ಹೋದೆ. ಬೆಲ್ ಒತ್ತಿದೆ. ಒಳಗೆ ಅಕ್ಕು ಕಿಟಾರನೆ ಕಿರುಚಿದಳು. ಯಾರೂ ಬಂದ ಸದ್ದಿಲ್ಲ, ಬೆಲ್ ಮಾತ್ರ ಆಯಿತಲ್ಲ, ಅದಕ್ಕೆ! ಸದ್ದಾದರೆ ರಾಕ್ಷಸ, ಆಗದಿದ್ದರೆ ದೆವ್ವ. ನಾನೇನು ಹಾರಿಕೊಂಡು ಬರಲೇ?

ಇವತ್ತು ಟವೆಲ್ ಜಾರಿತು. ತಿರುವಿನಲ್ಲಿ ಬಿದ್ದೆ. ಕೊತ್ತಂಬರಿ, ಟೊಮೆಟೊ ಎಲ್ಲ ಮೆಟ್ಟಿಲಿಳಿದು ಹೋಯಿತು. ಬೂಟಿನ ಸೋಲ್ ಕಿತ್ತು ಬಂತು. ಅನುಸೂಯಾ ಓಡಿ ಬಂದು ಎತ್ತಿದಳು. "ಪಾಪ್ರಿ ಅಕ್ಕಾರ. ದೇವ್ರು ಒಳ್ಳೇವ್ರಿಗೇ ಹಿಂಗ ಮಾಡ್ತಾನ ನೋಡ್ರಿ." ದೇವರಲ್ಲ ಮಾರಾಯ್ತಿ, ಟವೆಲ್ಲು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಟೊಮೆಟೊ ಮಾತ್ರ ಒಂದೂ ಬಿಡದೆ ಹೆಕ್ಕಿ ತಂದುಕೊಟ್ಟಳು.

ಅತ್ತಿಗೆ ಅಟ್ಟದಿಂದ ಹಳೆಯ ಬೂಟು ಇಳಿಸಿಕೊಟ್ಟಳು. ಹೊಸದು ರಿಪೇರಿಯಾಗಿ ಬರುವವರೆಗೆ ಅದೇ. ಇನ್ನು ಟವೆಲ್ ಕಟ್ಟುವುದಿಲ್ಲ.


ಆಗಸ್ಟ್ ೨೪, ಭಾನುವಾರ

ಗಣಪತಿಗೆ ಮೂರು ದಿನ. ಕೆಳಗೆ ಪೆಂಡಾಲ್ ಹಾಕುವ ಗದ್ದಲ.

ಅನುಸೂಯಾಳ ಗಂಡ ದೇವಾನಂದ ಬಂದಿದ್ದರು, ಸೊಸೈಟಿಯ ಗಣಪತಿ ಮಂಡಳದ ಅಧ್ಯಕ್ಷರು. ಕೈಯಲ್ಲಿ ಒಂದು ಗುಲಾಬಿ. ನನಗೆ ಕೊಟ್ಟು, "ಮೇಡಂ, ಈ ಸಲ ನೀವ ಚೀಫ್ ಗೆಸ್ಟ್ ಆಗಬೇಕ್ರಿ. ದಿವ್ಯಾಂಗ ಮಂದಿಗೆ ಮಾನ ಕೊಡೂಣು ಅಂತ ಕಮಿಟಿಯವ್ರು ಠರಾವ್ ಮಾಡ್ಯಾರ."

ಯಾವ ಕಾರ್ಯಕ್ರಮ ಅಂತ ಕೇಳಿದೆ.

"ಹುಡುಗೂರ್ದು ಕಾಂಪಿಟಿಷನ್ ಅದರಿ. ಘಸೀಟಾ ಚಾಲ್. ಘಸೀಟಾನ ಗತೆ ಯಾರು ಛಲೋ ನಡೀತಾರ, ಅವರಿಗೆ ಪ್ರೈಝ್. ನಿಮ್ಮ ಕೈಲೆ ಕೊಡಸೂಣು ಅಂತ."

ಅವರ ಮುಖ ನೋಡಿದೆ. ತಮಾಷೆ ಇಲ್ಲ. ಕುಹಕ ಇಲ್ಲ. ತೊಳೆದ ತಟ್ಟೆಯ ಹಾಗೆ ಸ್ವಚ್ಛ ಮುಖ. ಮಕ್ಕಳು ಕಾಲೆಳೆದು ನಡೆಯುವ ಸ್ಪರ್ಧೆಗೆ ಕಾಲೆಳೆದು ನಡೆಯುವವಳನ್ನು ಮರ್ಯಾದೆ ಕೊಟ್ಟು ಕರೆಯುತ್ತಿದ್ದಾರೆ, ಎರಡಕ್ಕೂ ಏನಾದರೂ ಸಂಬಂಧ ಇದೆ ಅಂತ ಅವರ ತಲೆಗೆ ಹೊಳೆದೇ ಇಲ್ಲ! ಬೇಕಂತಲೇ ಮಾಡಿದ್ದರೆ ನಾಲ್ಕು ಬೈದು ಕಳಿಸಬಹುದಿತ್ತು. ಇಂಥವರನ್ನು ಏನು ಮಾಡುವುದು?

ಬರುತ್ತೇನೆ ಅಂದೆ. ಅತ್ತಿಗೆ ಬೆಚ್ಚಿ ನನ್ನ ಕಡೆ ನೋಡಿದಳು.

ಯಾಕೆ ಒಪ್ಪಿದೆ ಅಂತ ನನಗೂ ಗೊತ್ತಿಲ್ಲ. ಅಕ್ಕು ಈಗಲೂ ನಾನು ಬೂಟು ಬಿಚ್ಚುವವರೆಗೆ ಹತ್ತಿರ ಬರುವುದಿಲ್ಲ.


ಆಗಸ್ಟ್ ೩೦, ಶನಿವಾರ

ಆಯಿತು. ಬರೆದು ಬಿಡುತ್ತೇನೆ, ಇಲ್ಲದಿದ್ದರೆ ತಲೆ ಒಡೆಯುತ್ತದೆ.

ಪೆಂಡಾಲ್ ತುಂಬ ಜನ. ನನಗೆ ಮುಂದಿನ ಸೋಫಾ. ಅಣ್ಣ ಹೋಟೆಲಿನಲ್ಲಿ. ಅತ್ತಿಗೆಯ ಸೆರಗಿನ ಹಿಂದೆ ಅಕ್ಕು. ಸ್ಪೀಕರಿನಲ್ಲಿ ನನ್ನ ಸದ್ದು ಹಾಕಿದರು — ಫೋನಿನಿಂದ — ಮಕ್ಕಳು ಒಬ್ಬೊಬ್ಬರಾಗಿ ಸ್ಟೇಜಿನ ಮೇಲೆ ಕಾಲು ಎಳೆದರು. ಒಬ್ಬ ಬಲಗಾಲು ಎಳೆದ. ಒಬ್ಬಳು ಅರ್ಧಕ್ಕೆ ಕಾಲು ಬದಲಿಸಿದಳು. ಒಬ್ಬ ನಾಲಿಗೆ ಹೊರಗೆ ಹಾಕಿ ಗೂನು ಬೆನ್ನೂ ಸೇರಿಸಿದ, ಅವನಿಗೆ ಭಾರೀ ಚಪ್ಪಾಳೆ. ನೋಡನೋಡುತ್ತ ನನಗೆ ಬಂದದ್ದು ದುಃಖವಲ್ಲ, ರೇಗು. ಒಬ್ಬರಿಗಾದರೂ ಸರಿಯಾಗಿ ನಡೆಯಲು ಬರಬೇಡವೇ!

ಆಮೇಲೆ "ದೋನ್ ಶಬ್ದ ಬೋಲಾ ಮ್ಯಾಡಂ", ಎರಡು ಮಾತು ಆಡಿ, ಅಂತ ಮೈಕ್ ಕೈಗೆ ಕೊಟ್ಟರು.

ಭಾಷಣ ಯೋಚಿಸಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಯಿತು. ಸೋಫಾದಲ್ಲಿ ಕೂತೇ ಸೀರೆಯ ನೆರಿಗೆ ತುಸು ಮೇಲೆತ್ತಿ, ಮೈಕನ್ನು ಮೊಣಕಾಲಿಗೆ ಹಿಡಿದು ಎದ್ದೆ.

ಕಟಕ್.

ಸ್ಪೀಕರಿನಲ್ಲಿ ಬಂತು. ಮಕ್ಕಳು ಕಿಚ ಕಿಚ ನಕ್ಕರು, ಮತ್ತೆ ಸ್ಪರ್ಧೆ ಶುರುವಾಯಿತು ಅಂತ. ನಾನು ನಡೆದೆ. ಕೈ ಇಳಿಬಿಟ್ಟು, ಮೈಕ್ ಬೂಟಿನ ಕಡೆಗೆ. ಟಪ್. ಸರ್ರ್. ಟಪ್. ಸರ್ರ್. ಸ್ಟೇಜಿನ ಹತ್ತಿರ ಬರುವಷ್ಟರಲ್ಲಿ ನಗು ನಿಂತಿತ್ತು. ಯಾರೋ ಫೋನ್ ನೋಡಿ, ಇಲ್ಲ, ಇದು ಫೋನಿನಿಂದ ಬರುತ್ತಿಲ್ಲ ಅಂದದ್ದು ಕೇಳಿಸಿತು.

ಮರಾಠಿಯಲ್ಲಿ ಹೇಳಿದೆ. ನೀವು ಕೇಳುತ್ತಿರುವ ಘಸೀಟಾ ನಾನೇ. ಇದನ್ನು ಮಾರ್ಚ್‌ನಲ್ಲಿ ನಮ್ಮ ಮೆಟ್ಟಿಲ ಮೇಲೆಯೇ ಹಿಡಿದದ್ದು. ಈ ಕಾಲು ಯಾರ ಮಗುವನ್ನೂ ಒಯ್ಯಲಿಲ್ಲ. ದಿನಾ ಸಂಜೆ ಕೊತ್ತಂಬರಿ ಒಯ್ಯುತ್ತದೆ. ಲಿಫ್ಟ್ ಸರಿಯಿದ್ದರೆ ಈ ಸದ್ದೂ ಇರುತ್ತಿರಲಿಲ್ಲ, ಅದಕ್ಕೆ ಕಮಿಟಿಯವರೇ ಜವಾಬು ಕೊಡಬೇಕು. ಇಷ್ಟೇ.

ಇನ್ನೇನು, ಅರ್ಥವಾಯಿತು ಅಂದುಕೊಂಡೆ.

ಚಪ್ಪಾಳೆ! ಎದ್ದು ನಿಂತು ಚಪ್ಪಾಳೆ! ಹೆಂಗಸೊಬ್ಬಳು ಕಣ್ಣೊರಸಿಕೊಂಡು, "ಕಿತೀ ಹಿಂಮತ್!" ಅಂದಳು, ಎಷ್ಟು ಧೈರ್ಯ ಅಂತ. ಅನುಸೂಯಾ ನನ್ನ ಕೈಹಿಡಿದು ಬಿಡಲೇ ಇಲ್ಲ. "ನಮಗೆಲ್ಲಾ ಪ್ರೇರಣಾ ಕೊಟ್ರಿ ಅಕ್ಕಾರ." ಏನಕ್ಕೆ ಪ್ರೇರಣೆ? ಕೊತ್ತಂಬರಿ ತರುವುದಕ್ಕೆ? ಶಾಲು ಹೊದಿಸಿದರು. ತೆಂಗಿನಕಾಯಿ ಕೊಟ್ಟರು. ಗೆದ್ದ ಹುಡುಗ — ನಾಲಿಗೆ ಹೊರಗೆ ಹಾಕಿದವನೇ — ಪ್ರೈಝ್ ತೆಗೆದುಕೊಂಡು ಆಟೋಗ್ರಾಫ್ ಕೇಳಿದ. "ಆಂಟಿ, ಘಸೀಟಾ ಅಂತ ಬರೀರಿ."

ಒಂದೇ ಸಂಜೆಯಲ್ಲಿ ರಾಕ್ಷಸಿಯೂ ಆದೆ, ದೇವತೆಯೂ ಆದೆ. ಆಫೀಸಿನ ಕ್ಲಾರ್ಕ್ ಹರಿಣಾಕ್ಷಿಯಾಗಿ ಇರಲು ಮಾತ್ರ ಒಬ್ಬರೂ ಬಿಡಲಿಲ್ಲ.

ಅಕ್ಕು ಮೆಟ್ಟಿಲು ಹತ್ತುವಾಗ ಅಮ್ಮನ ಕೈ ಹಿಡಿದು ನನ್ನ ಹಿಂದೆಯೇ ಬಂದಳು. ಕಿವಿ ಮುಚ್ಚಿಕೊಳ್ಳಲಿಲ್ಲ. ಬೂಟನ್ನೇ ನೋಡುತ್ತಿದ್ದಳು ಅಂತ ಅತ್ತಿಗೆ ಆಮೇಲೆ ಹೇಳಿದಳು.


ಆಗಸ್ಟ್ ೩೧, ಭಾನುವಾರ

ಅಕ್ಷಯ ಬಂದಿದ್ದ. ನಿನ್ನೆಯದನ್ನು ಯಾರೋ ವಿಡಿಯೊ ಮಾಡಿ ಹಾಕಿದ್ದಾರೆ. ಡೈರೆಕ್ಟರ್ ನೋಡಿದರಂತೆ.

"ಅವರಿಗೆ ಭಾರೀ ಇಷ್ಟ ಆಗಿದೆ ಅಕ್ಕ. ಎರಡನೇ ಸೀಸನ್ನಿನ ಪ್ರಚಾರಕ್ಕೆ ನಿನ್ನನ್ನು—"

ಪೂರ್ತಿ ಹೇಳಲು ಬಿಡಲಿಲ್ಲ. ಹೊಸ ಬೂಟು ರಿಪೇರಿಯಾಗಿ ಬಂದಿತ್ತು, ಹಳೆಯದು ಮಂಚದ ಪಕ್ಕ ಬಿದ್ದಿತ್ತು. ಎತ್ತಿ ಎಸೆದೆ. ನಲವತ್ತು ದಾಟಿದ ಹೆಂಗಸು, ಆಫೀಸಿಗೆ ಹೋಗುವವಳು, ಬೂಟು ಎಸೆಯುವುದು! ಗುರಿ ತಪ್ಪಿತು. ಅಕ್ಷಯ ಬಾಗಿಲು ಹಿಡಿದು ನಿಂತ. ಮುಖ ಪೆಚ್ಚಾಗಿತ್ತು. "ಸಾರಿ ಅಕ್ಕ" ಅಂದ, ಈ ಸಲ ನಗುಮುಖವಿಲ್ಲದೆ. ಊಟ ಮಾಡದೆ ಹೋದ.

ಬೂಟು ಪರದೆಯ ಹತ್ತಿರ ಬಿದ್ದಿತ್ತು. ಪರದೆಯ ಹಿಂದೆ ಅಕ್ಕು. ಒಂದು ಕಾಲಿನಿಂದ ಅದನ್ನು ಮೆಲ್ಲಗೆ ತಳ್ಳಿ ನೋಡಿದಳು. ಆಮೇಲೆ ಎತ್ತಿ ಒಳಗೆ ಇಣುಕಿದಳು. ಒಳಗೆ ಏನೂ ಇಲ್ಲ. ಹಳೆಯ ಚರ್ಮದ ವಾಸನೆ.

"ನಿನ್ನೆ ಕಟಕ್ ಅಂದದ್ದು ಇದಾ?"

ಅಲ್ಲ, ಅದು ಇಲ್ಲಿ ಅಂತ ಮೊಣಕಾಲಿನ ಲಾಕ್ ತೋರಿಸಿದೆ. ಹತ್ತಿರ ಬಂದಳು. ಕ್ಯಾಲಿಪರ್ ಬಿಚ್ಚದೆಯೇ, ಬೂಟು ಕಾಲಲ್ಲಿರುವಾಗಲೇ! ಬೆರಳಿನಿಂದ ಮೇಲೆತ್ತಿದಳು, ಬಿಟ್ಟಳು. ಕಟಕ್. ಮತ್ತೆ ಮೇಲೆತ್ತಿದಳು. ಕಟಕ್. ಕಟಕ್. ಕಟಕ್. ಅವಳಿಗೆ ಸಾಕಾಗುವವರೆಗೆ ಕಾಲು ನೀಡಿಕೊಂಡೇ ಕೂತೆ.

"ಘಸೀಟಾನ ಕಾಲಿಗೆ ಇದು ಉಂಟಾ?"

ಇಲ್ಲ. ಅವನದು ಬರಿಗಾಲು ಅಂದೆ.

ಹುಬ್ಬು ಗಂಟು ಹಾಕಿಕೊಂಡು ಯೋಚಿಸಿದಳು. "ಹಾಗಾದ್ರೆ ಅವನು ನಿನ್ನದು ಕದ್ದದ್ದು."

ಹೌದು ಪುಟ್ಟ. ಕದ್ದದ್ದು.

"ಕಳ್ಳ" ಅಂದಳು, ಭಾರೀ ಅಸಹ್ಯದಿಂದ.

ನನಗೆ ಅಳು ಬಂತು. ಈ ಸಲ ತಡೆಯಲಿಲ್ಲ.


ಸೆಪ್ಟೆಂಬರ್ ೮, ಸೋಮವಾರ. ಸಂಜೆ

ಗಣಪತಿ ಶನಿವಾರ ಹೋದ. ಇವತ್ತು ಲಿಫ್ಟ್ ಸರಿಯಾಗಿದೆ. ಭಾಷಣದಿಂದ ಆದದ್ದು ಅದೊಂದೇ. ದೇವಾನಂದ ಕೆಳಗೆ ನಿಂತು, "ನಿಮ್ಮ ಸಲುವಾಗೇ ಮಾಡಿಸೇವ್ರಿ ಮೇಡಂ, ಬರ್ರಿ, ಬರ್ರಿ" ಅಂತ ನನ್ನನ್ನು ಒಳಗೆ ಹತ್ತಿಸಿ, ಫೋಟೊ ಹೊಡೆದು, ಬಟನ್ನನ್ನೂ ತಾವೇ ಒತ್ತಿದರು. ಫೋಟೊ ಗ್ರೂಪಿಗೆ ಹೋಗುತ್ತದೆ. ಪ್ರೇರಣೆ ಅಂತ ಬರೆಯುತ್ತಾರೆ. ಹಾಳಾಗಲಿ.

ಮೂರನೇ ಮಾಳಿಗೆ. ಲಿಫ್ಟಿನಿಂದ ಬಾಗಿಲಿಗೆ ನಾಲ್ಕು ಹೆಜ್ಜೆಯೂ ಇಲ್ಲ. ಚಿಲಕ ತೆಗೆಯಲು ಅವಳಿಗೆ ಹೊತ್ತೇ ಸಿಗಲಿಲ್ಲ, ನಾನೇ ಬೆಲ್ ಒತ್ತಿದೆ. ಅಕ್ಕು ಬಾಗಿಲು ತೆರೆದು ಬೈದಳು. "ಎಂತ ಅತ್ತೆ! ಹೀಗೆ ಹೇಳದೆ ಕೇಳದೆ ಬರುವುದಾ? ನಾನು ಕಾಯ್ತಾ ಇದ್ದೆ, ಸೌಂಡೇ ಇಲ್ಲ." ಲಿಫ್ಟಿಗಾಗಿ ಎಷ್ಟು ತಿಂಗಳು ಜಗಳ ಆಡಿದೆ. ಈಗ ಇವಳ ದೂರು ಇದು. ನಾಳೆ ಕೊನೆಯ ಮಾಳಿಗೆ ಮಾತ್ರ ನಡೆದು ಬಾ ಅಂತ ಅಪ್ಪಣೆಯ ಹಾಗೆ ಹೇಳಿದ್ದಾಳೆ. ಬರಬೇಕಂತೆ.

ಕ್ಯಾಲಿಪರ್ ಬಿಚ್ಚಿಟ್ಟು ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಹೊರಗಿನ ಹಾಲ್‌ನಲ್ಲಿ ಏನೋ ಸದ್ದು. ಟಪ್... ಸರ್ರ್... ಟಪ್... ಸರ್ರ್...

ಅತ್ತಿಗೆ ಬೈಯುತ್ತಿದ್ದಾಳೆ. "ಅಕ್ಕು! ಆ ಘಸೀಟಾನ ಆಟ ನೀನೂ ಶುರು ಮಾಡಿದ್ಯಾ? ಅತ್ತೆಗೆ ಬೇಜಾರಾಗ್ತದೆ, ಬಿಚ್ಚು ಅದನ್ನು."

"ಘಸೀಟಾ ಅಲ್ಲ! ನಾನು ಅತ್ತೆ. ಈಗ ಆಫೀಸಿಂದ ಬಂದದ್ದು. ಚೀಲದಲ್ಲಿ ಕೊತ್ತಂಬರಿ ಉಂಟು."

ನನ್ನ ಹಳೆಯ ಬೂಟು. ಅವಳ ಮೊಣಕಾಲಿನವರೆಗೂ ಬರುತ್ತದೆ. ಎಡಗಾಲಿಗೇ ಹಾಕಿದ್ದಾಳೆ, ಸದ್ದಿನಲ್ಲೇ ತಿಳಿಯುತ್ತದೆ. ಇಡೀ ಬಿಲ್ಡಿಂಗಿನ ಮಕ್ಕಳಿಗೆ ಬಾರದ್ದು ಇವಳಿಗೆ ಬಂತು.

ನನ್ನ ಕೋಣೆಯ ಕಡೆಗೇ ಬರುತ್ತಿದ್ದಾಳೆ. ನಾನು ಬಾಗಿಲಿಗೆ ಚಿಲಕ ಹಾಕಿಕೊಂಡು ಕೂತಿದ್ದೇನೆ. ಟಪ್... ಸರ್ರ್... ಬೆಲ್ ಒತ್ತುವವರೆಗೆ ಕಾಯಿಸಬಾರದು, ಅದು ನಮ್ಮ ಮನೆಯ ಪದ್ಧತಿ. ಕ್ಯಾಲಿಪರ್ ಹಾಕಲು ಹೊತ್ತಿಲ್ಲ, ಗೋಡೆ ಹಿಡಿದು ಹೋದರೂ ಸರಿ, ಅವಳು ಬರುವುದರೊಳಗೆ ಚಿಲಕ—